ಕಲಾವಿದರ ಕಾಗದಗಳನ್ನು ರದ್ದಿಗೆ ಹಾಕಬೇಡಿ



ನಿಮ್ಮ ಮನೆಯ ಅಟ್ಟ, ಹಳೆಯ ಟ್ರಂಕು, ಬೀರುವಿನ ಕೆಳಗಿನ ಖಾನೆಗಳನ್ನು ಈ ವಾರ ಒಮ್ಮೆ ತೆಗೆದು ನೋಡಿ. ಯಾವುದೋ ಚಿತ್ರಕಲಾ ಪ್ರದರ್ಶನದ ಆಮಂತ್ರಣ ಪತ್ರಿಕೆ, ನಾಲ್ಕು ಪುಟದ ಕ್ಯಾಟಲಾಗು, ಡ್ರಾಯಿಂಗ್ ಮೇಷ್ಟ್ರಾಗಿದ್ದ ಅಜ್ಜನ ಸ್ಕೆಚ್ ಪುಸ್ತಕ, ಕಲಾವಿದರೊಬ್ಬರು ಬರೆದ ಪೋಸ್ಟ್ ಕಾರ್ಡು, ನಾಟಕ ಕಂಪನಿಯ ಪರದೆ ಬರೆಯುತ್ತಿದ್ದವರ ಜೊತೆ ತೆಗೆಸಿಕೊಂಡ ಫೋಟೊ, ಇಂಥದ್ದೇನಾದರೂ ಸಿಕ್ಕರೆ ದಯವಿಟ್ಟು ರದ್ದಿಯವರಿಗೆ ಕೊಡಬೇಡಿ. ಅದನ್ನು ಒಂದು ಗ್ರಂಥಾಲಯಕ್ಕೆ ತಲುಪಿಸಿ. ನನ್ನ ಮನವಿ ಇಷ್ಟೇ. ಇದು ಯಾಕೆ ಮುಖ್ಯ ಎನ್ನುವುದನ್ನು ವಿವರಿಸಲು ಸ್ವಲ್ಪ ಜಾಗ ಬೇಕು.

ಕಲಾ ಗ್ರಂಥಾಲಯ ಎಂದೊಡನೆ ಹೊಳೆಯುವ ಹಾಳೆಯ ದುಬಾರಿ ಪುಸ್ತಕಗಳು ತುಂಬಿದ ಕೋಣೆ ಕಣ್ಣ ಮುಂದೆ ಬರುತ್ತದೆ. ಅಂಥ ಪುಸ್ತಕಗಳು ಬೇಕು, ನಿಜ. ಆದರೆ ದುಡ್ಡಿದ್ದರೆ ಅವುಗಳನ್ನು ಯಾವಾಗ ಬೇಕಾದರೂ ಕೊಳ್ಳಬಹುದು. ದುಡ್ಡು ಕೊಟ್ಟರೂ ಸಿಗದ ಸಂಗ್ರಹವೊಂದು ಒಳ್ಳೆಯ ಕಲಾ ಗ್ರಂಥಾಲಯಗಳಲ್ಲಿ ಇರುತ್ತದೆ. ಒಬ್ಬೊಬ್ಬ ಕಲಾವಿದರ ಹೆಸರಿನಲ್ಲಿ ಒಂದೊಂದು ಕಡತ. ಅದರೊಳಗೆ ಆಮಂತ್ರಣ, ಕರಪತ್ರ, ಪತ್ರಿಕೆಯಲ್ಲಿ ಬಂದ ವಿಮರ್ಶೆಯ ತುಣುಕು, ಚಿತ್ರಗಳ ಬೆಲೆಪಟ್ಟಿ, ಕಾಗದಪತ್ರ. ಈ ಕಡತಗಳು ಕೊಳ್ಳುವುದರಿಂದ ಬೆಳೆಯುವುದಿಲ್ಲ. ಯಾರೋ ಪ್ರದರ್ಶನಕ್ಕೆ ಹೋಗಿ ಬಂದವರು ತಂದುಕೊಡುತ್ತಾರೆ, ಗ್ಯಾಲರಿಯವರು ಒಂದು ಪ್ರತಿ ಕಳಿಸುತ್ತಾರೆ, ಒಂದು ಸಂಸ್ಥೆ ತನ್ನ ಪ್ರಕಟಣೆ ಕೊಟ್ಟು ಇನ್ನೊಂದರದ್ದನ್ನು ಪಡೆಯುತ್ತದೆ, ಕಲಾವಿದರ ಮಕ್ಕಳು ಪೆಟ್ಟಿಗೆ ಹೊತ್ತು ತರುತ್ತಾರೆ.

ಆ ಚೀಟಿಗಳಿಂದ ಏನು ಉಪಯೋಗ ಎನ್ನುವವರು ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪಾಡನ್ನು ಯೋಚಿಸಬೇಕು. ಗದಗ, ಕಲಬುರಗಿ, ಧಾರವಾಡ, ದಾವಣಗೆರೆಗಳಲ್ಲಿ ಚಿತ್ರಕಲಾ ಶಾಲೆಗಳನ್ನು ಕಟ್ಟಿ ಸಾವಿರಾರು ಡ್ರಾಯಿಂಗ್ ಶಿಕ್ಷಕರನ್ನು ತಯಾರು ಮಾಡಿದ ಹಿರಿಯರಿದ್ದರು. ಅವರಲ್ಲೊಬ್ಬರ ಒಂದು ಚಿತ್ರ ಆ ವಿದ್ಯಾರ್ಥಿಯ ಕಣ್ಣಿಗೆ ಬೀಳುತ್ತದೆ. ಅದನ್ನು ಯಾವ ವರ್ಷ ಬರೆದರು, ಎಲ್ಲಿ ತೋರಿಸಿದರು, ಜೊತೆಯಲ್ಲಿ ಯಾರ ಚಿತ್ರಗಳಿದ್ದವು, ಉದ್ಘಾಟನೆಗೆ ಯಾರು ಬಂದಿದ್ದರು, ಚಿತ್ರಕ್ಕೆ ಕಲಾವಿದರೇ ಇಟ್ಟ ಹೆಸರೇನು? ಕ್ಯಾನ್ವಾಸಿನ ಹಿಂದೆ ಏನೂ ಬರೆದಿಲ್ಲ. ಉತ್ತರ ಇರುವುದು ಆ ಆಮಂತ್ರಣ ಪತ್ರಿಕೆಯಲ್ಲಿ. ಅದು ಒಂದೂ ಉಳಿದಿಲ್ಲವೆಂದರೆ ಆ ಚಿತ್ರಕ್ಕೆ ಕಾಲವೂ ಇಲ್ಲ, ಊರೂ ಇಲ್ಲ. ಕರ್ನಾಟಕದ ಆಧುನಿಕ ಕಲೆಯ ಚರಿತ್ರೆ ಬರೆಯುವಾಗ ಬೆಂಗಳೂರು, ಮೈಸೂರಿನ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ ಎಂದು ಉತ್ತರ ಕರ್ನಾಟಕದವರು ಬೇಸರಪಡುತ್ತಾರೆ. ಆ ಬೇಸರ ನ್ಯಾಯವಾದದ್ದು. ಕಾಗದ ಎಲ್ಲಿ ಉಳಿಯಿತೋ ಚರಿತ್ರೆ ಅಲ್ಲಿಯದೇ ಆಗುತ್ತದೆ.

ಕಲಾವಿದರಿಗೂ ಗ್ರಂಥಾಲಯಕ್ಕೂ ನಂಟು ನಮ್ಮ ನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ, ಮೈಸೂರು ಅರಮನೆಯಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯನ್ನೇ ನೋಡಿ. ಒಂಬತ್ತು ನಿಧಿಗಳಾಗಿ ಹಂಚಿಕೊಂಡ ಈ ಬೃಹತ್ ಗ್ರಂಥದಲ್ಲಿ ದೇವತೆಗಳ ಧ್ಯಾನಶ್ಲೋಕಗಳ ಜೊತೆಗೇ ಅರಮನೆಯ ಚಿತ್ರಕಾರರು ಬರೆದ ವರ್ಣಚಿತ್ರಗಳಿವೆ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂದು ಸಂದೇಹ ಬಂದ ಚಿತ್ರಕಾರನಿಗೆ ಅದರಲ್ಲಿ ಉತ್ತರವಿದೆ. ಚಿತ್ರಕಾರರಿಂದಲೇ ಆದ, ಚಿತ್ರಕಾರರಿಗೇ ಒದಗುವ ಗ್ರಂಥ ಅದು. ಅರಮನೆಯ ಗ್ರಂಥಭಂಡಾರ ಅದನ್ನು ಜೋಪಾನ ಮಾಡಿತು. ಅದರ ಕೊನೆಯ ಭಾಗವಾದ ಕೌತುಕ ನಿಧಿಯಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಎನ್. ಇ. ಷೋಮನ್ ಎಂಬ ವಿದ್ವಾಂಸರು ಅವುಗಳನ್ನು 1996ರಲ್ಲಿ ಪುಸ್ತಕವಾಗಿ ಹೊರತಂದಾಗ ಯೋಗದ ಚರಿತ್ರೆ ಬರೆಯುವವರೆಲ್ಲ ಮೈಸೂರಿನ ಕಡೆ ತಿರುಗಿ ನೋಡಬೇಕಾಯಿತು. ಆ ಹಾಳೆಗಳನ್ನು ಬರೆದ ಚಿತ್ರಕಾರರಿಗೆ ಇದು ಹೊಳೆದಿರಲು ಸಾಧ್ಯವೇ ಇಲ್ಲ. ಕಾಪಾಡಿಟ್ಟ ಕಾಗದ ಮುಂದೆ ಯಾರಿಗೆ, ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎನ್ನುವುದು ಕಾಪಾಡುವವರಿಗೆ ತಿಳಿಯುವುದಿಲ್ಲ. ತಿಳಿಯದೆಯೂ ಕಾಪಾಡಬೇಕಾಗುತ್ತದೆ.

ಅರಮನೆಯ ಮಾತು ಬಿಡಿ, ಸಾಮಾನ್ಯ ಜನರ ಗ್ರಂಥಾಲಯದ ಮಾತಿಗೆ ಬರೋಣ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ 1915ರಿಂದ ಒಂದು ಚಿತ್ರಸಂಗ್ರಹವಿದೆ. ಮುದ್ರಕರು, ನಾಟಕದ ಉಡುಪು ಹೊಲಿಸುವವರು, ಜಾಹೀರಾತು ಬರೆಯುವವರು ಬಂದು, ಪುಸ್ತಕ ಬೇಡ, ಚಿತ್ರ ಬೇಕು ಎಂದು ಕೇಳತೊಡಗಿದಾಗ ಗ್ರಂಥಪಾಲಕರು ಹಳೆಯ ಪತ್ರಿಕೆ, ಹರಿದ ಪುಸ್ತಕಗಳಿಂದ ಚಿತ್ರಗಳನ್ನು ಕತ್ತರಿಸಿ, ವಿಷಯವಾರು ವಿಂಗಡಿಸಿ ಇಡಲು ಶುರು ಮಾಡಿದರು. 1929ರಿಂದ 1968ರವರೆಗೆ ರೊಮಾನಾ ಜಾವಿಟ್ಸ್ ಎಂಬ ಮಹಿಳೆ ಅದನ್ನು ನೋಡಿಕೊಂಡರು. ಜನ ಏನು ಕೇಳಿಕೊಂಡು ಬರುತ್ತಾರೋ ಅದನ್ನು ನೋಡಿಯೇ ಅವರು ಸಂಗ್ರಹವನ್ನು ಬೆಳೆಸಿದರು. ಇಂದು ಅಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಚಿತ್ರಗಳಿವೆ. ಗ್ರಂಥಾಲಯದ ಕಾರ್ಡು ಇದ್ದವರು ಪುಸ್ತಕದ ಹಾಗೆಯೇ ಚಿತ್ರಗಳನ್ನೂ ಮನೆಗೆ ಒಯ್ಯಬಹುದು. ಡಿಯೆಗೊ ರಿವೇರಾ, ಜೋಸೆಫ್ ಕಾರ್ನೆಲ್, ಆಂಡಿ ವಾರ್ಹಾಲ್ ಅವರಂಥ ಕಲಾವಿದರು ಅದೇ ಕಡತಗಳನ್ನು ತಿರುವಿದವರು. ಪಕ್ಕದ ಮೇಜಿನಲ್ಲಿ ಶಾಲೆಯ ಮಗು ಕೂತು ಅದೇ ಕಡತ ನೋಡುತ್ತಿರಬಹುದು.

2021ರಲ್ಲಿ ಆ ಕಡತಗಳನ್ನು ಜನರ ಕೈಗೆ ನೇರವಾಗಿ ಸಿಗದಂತೆ ಸಂಶೋಧನಾ ಭಂಡಾರಕ್ಕೆ ಸೇರಿಸುವ ಆಲೋಚನೆ ನಡೆಯಿತು. ಕಲಾವಿದರು, ವಿನ್ಯಾಸಕಾರರು, ಬರಹಗಾರರು, ಸಾಮಾನ್ಯ ಓದುಗರು ಒಟ್ಟಾಗಿ ಬೇಡವೆಂದರು. ಗ್ರಂಥಾಲಯ ಅದನ್ನು ಕೈಬಿಟ್ಟಿತು. ಬಳಸಿದ ಜನರೇ ಆ ಸಂಗ್ರಹದ ಪರವಾಗಿ ನಿಂತರು ಎನ್ನುವುದನ್ನು ದಯವಿಟ್ಟು ಗಮನಿಸಿ. ಬೀಗ ಹಾಕಿದ ಬೀರುವಿನ ಪರವಾಗಿ ಯಾರೂ ಬೀದಿಗೆ ಬರುವುದಿಲ್ಲ.

ಇಂಥ ಚಿತ್ರಸಂಗ್ರಹಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಏನು ಕಡಿಮೆಯಿದೆ? ‘ಚಂದಮಾಮ’ದ ಮುಖಪುಟಗಳಿಗೆ ಮಹಾಭಾರತದ ಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯ ಕನ್ನಡಿಗರು. ಕ್ಯಾಲೆಂಡರುಗಳ ಮೂಲಕ ದೇಶದ ಮನೆಮನೆಯ ಗೋಡೆಗೆ ತಲುಪಿದ ಎಸ್. ಎಂ. ಪಂಡಿತರು ಕಲಬುರಗಿಯವರು. ನಮ್ಮ ವಾರಪತ್ರಿಕೆಗಳ ಕಥೆ, ಧಾರಾವಾಹಿಗಳಿಗೆ, ದೀಪಾವಳಿ ವಿಶೇಷಾಂಕಗಳಿಗೆ ಚಂದ್ರನಾಥ ಆಚಾರ್ಯ, ಪ. ಸ. ಕುಮಾರ್ ಮುಂತಾದವರು ಬರೆದ ರೇಖೆಗಳನ್ನು ನೋಡುತ್ತಲೇ ಎರಡು ತಲೆಮಾರು ಬೆಳೆಯಿತು. ಗ್ಯಾಲರಿಯ ಮೆಟ್ಟಿಲು ಹತ್ತದ ಲಕ್ಷಾಂತರ ಕನ್ನಡಿಗರ ಕಲಾಶಿಕ್ಷಣ ನಡೆದದ್ದು ಈ ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಪುಸ್ತಕದ ಹೊದಿಕೆಗಳಲ್ಲಿ. ಆದರೆ ಒಬ್ಬ ಕಲಾವಿದರು ಬರೆದ ಮುಖಪುಟಗಳನ್ನೆಲ್ಲ ಒಂದೇ ಕಡೆ ನೋಡಬೇಕೆಂದು ನಿಮ್ಮ ಜಿಲ್ಲೆಯ ವಿದ್ಯಾರ್ಥಿ ಬಯಸಿದರೆ ಎಲ್ಲಿಗೆ ಹೋಗಬೇಕು? ಗ್ರಂಥಾಲಯದವರು ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸುವಾಗ ಎಷ್ಟೋ ಕಡೆ ಮುಖಪುಟವನ್ನೇ ಕಿತ್ತುಹಾಕಿರುತ್ತಾರೆ. ನಿಮ್ಮ ಅಟ್ಟದ ಮೇಲಿರುವ ಪ್ರತಿಗೆ ಮುಖಪುಟ ಇದೆಯಲ್ಲ, ಅದಕ್ಕೇ ಅದು ಅಮೂಲ್ಯ.

ತಂದೆಯವರ ಸ್ಕೆಚ್ ಪುಸ್ತಕ ಕೊಟ್ಟುಬಿಡಲು ಮನಸ್ಸು ಬರುವುದಿಲ್ಲ ಎನ್ನುವವರಿದ್ದಾರೆ. ಆ ಅಕ್ಕರೆ ನನಗೆ ಅರ್ಥವಾಗುತ್ತದೆ. ಅವರಿಗೆ ಬೇರೆ ದಾರಿಯಿದೆ. 2000ದಲ್ಲಿ ಹಾಂಗ್‌ಕಾಂಗ್‌ನಲ್ಲಿ ಶುರುವಾದ ಏಷ್ಯಾ ಆರ್ಟ್ ಆರ್ಕೈವ್ ಎಂಬ ಸಂಸ್ಥೆ ಬರೋಡಾದ ಕಲಾವಿದರಾದ ಕೆ. ಜಿ. ಸುಬ್ರಮಣ್ಯನ್, ಗುಲಾಂ ಮೊಹಮ್ಮದ್ ಶೇಖ್, ಜ್ಯೋತಿ ಭಟ್, ರತನ್ ಪರಿಮೂ ಅವರಲ್ಲಿದ್ದ ಕಾಗದಪತ್ರ, ಫೋಟೊಗಳನ್ನು ಸ್ಕ್ಯಾನ್ ಮಾಡಿ ಎಲ್ಲರೂ ನೋಡುವಂತೆ ಮಾಡಿದೆ. ಹಾಗೆ ನಕಲು ಮಾಡಿಕೊಂಡು ಮೂಲವನ್ನು ಮನೆಯವರ ಬಳಿಯೇ ಬಿಡಬಹುದು. ನಿಮ್ಮ ಊರಿನ ಕಾಲೇಜು, ಗ್ರಂಥಾಲಯಗಳಲ್ಲಿ ಒಳ್ಳೆಯ ಸ್ಕ್ಯಾನರ್ ಇದ್ದರೆ ಇಷ್ಟು ಕೆಲಸ ನಮ್ಮಲ್ಲೂ ಆದೀತು.

ಇನ್ನೊಂದು ಅಂಜಿಕೆ ಹಕ್ಕಿನದ್ದು. ಕಾಗದ ಕೊಟ್ಟರೆ ಚಿತ್ರದ ಹಕ್ಕೂ ಹೋಗುತ್ತದೆಯೇ? ಹೋಗುವುದಿಲ್ಲ. ವಸ್ತುವಿನ ಒಡೆತನ ಬೇರೆ, ಕೃತಿಸ್ವಾಮ್ಯ ಬೇರೆ. ನಮ್ಮ ಕಾಯ್ದೆಯಂತೆ ಚಿತ್ರದ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಬರವಣಿಗೆಯಲ್ಲಿ ಬಿಟ್ಟುಕೊಡದ ಹೊರತು ಅದು ವಾರಸುದಾರರದ್ದೇ. ಕೊಡುವಾಗ ಏನೇನು ಕೊಟ್ಟಿರಿ, ಯಾವ ಷರತ್ತಿನ ಮೇಲೆ ಕೊಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದು, ಎರಡೂ ಕಡೆಯವರು ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.

ಎಲ್ಲಿಗೆ ಕೊಡುವುದು? ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿದೆ, 1964ರಲ್ಲಿ ಸ್ಥಾಪನೆಯಾದ ಲಲಿತಕಲಾ ಅಕಾಡೆಮಿಯಿದೆ, ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿದೆ. ಇವು ರಾಜಧಾನಿಗೆ ಸರಿ. ರಾಯಚೂರಿನವರು, ಕಾರವಾರದವರು ಪೆಟ್ಟಿಗೆ ಹೊತ್ತು ಬೆಂಗಳೂರಿಗೆ ಯಾಕೆ ಬರಬೇಕು? ಕಿನ್ನಾಳದ ಬಣ್ಣದ ಕೆತ್ತನೆ, ಸುರಪುರದ ಚಿತ್ರಗಳ ಕುರಿತ ಕಾಗದಗಳು ಕೊಪ್ಪಳ, ಯಾದಗಿರಿಗಳಲ್ಲೇ ಇರಬೇಕಾದವು. ಅಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಲದಿಂದ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆದ್ದರಿಂದ ಗ್ರಂಥಪಾಲಕರ ಎದುರು ಕೂತು, ನಮ್ಮ ಜಿಲ್ಲೆಯ ಕಲಾವಿದರಿಗೆ ಒಂದು ಬೀರು, ಒಂದು ಮೇಜು ಕೊಡಿ ಎಂದು ಕೇಳುವುದು ಉಪಕಾರ ಬೇಡಿದಂತಲ್ಲ. ಎಷ್ಟೋ ಗ್ರಂಥಪಾಲಕರು ಸಂತೋಷದಿಂದ ಒಪ್ಪುತ್ತಾರೆ ಎಂಬ ನಂಬಿಕೆ ನನಗಿದೆ. ಇಷ್ಟು ವರ್ಷ ಅವರನ್ನು ಯಾರಾದರೂ ಕೇಳಿದ್ದರೆ ತಾನೆ?

ಒಂದು ಬೀರುವಿನಿಂದ ಶುರುವಾದದ್ದು ಅಲ್ಲಿಗೇ ನಿಲ್ಲಬೇಕಾಗಿಲ್ಲ. ತಿಂಗಳಿಗೊಂದು ಸಂಜೆ ಊರಿನ ಕಲಾವಿದರೊಬ್ಬರು ಬಂದು ತಮ್ಮ ಕಡತ ಬಿಚ್ಚಿ ಮಾತಾಡಲಿ. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟುವ ಮಕ್ಕಳು ಬಂದು ಕೇಳಲಿ. ಜರ್ಮನಿಯ ಅನೇಕ ಊರುಗಳಲ್ಲಿ ಮೂಲ ಕಲಾಕೃತಿಗಳನ್ನೇ ಕೆಲವು ತಿಂಗಳ ಮಟ್ಟಿಗೆ ಮನೆಗೆ ಎರವಲು ಕೊಡುವ ಆರ್ಟೋಥೆಕ್‌ಗಳಿವೆ. ಚಿತ್ರ ಕೊಳ್ಳಲಾಗದ ಮನೆಯ ಗೋಡೆಯ ಮೇಲೂ ಚಿತ್ರ ಇರುತ್ತದೆ, ಕಲಾವಿದರ ಹೆಸರು ಆ ಮನೆಯವರ ಬಾಯಲ್ಲಿರುತ್ತದೆ. ನಮ್ಮ ಜಿಲ್ಲಾ ಗ್ರಂಥಾಲಯವೊಂದು ಸ್ಥಳೀಯ ಕಲಾವಿದರ ಇಪ್ಪತ್ತು ಚಿತ್ರಗಳಿಂದ ಇದನ್ನು ಮಾಡಿ ನೋಡಬಾರದೇಕೆ?

ಕಲಾವಿದರಲ್ಲಿ, ಪ್ರದರ್ಶನ ಏರ್ಪಡಿಸುವವರಲ್ಲಿ ಒಂದು ಮಾತು. ಈಗ ಆಮಂತ್ರಣಗಳೆಲ್ಲ ವಾಟ್ಸಾಪಿನಲ್ಲಿ ಬರುತ್ತಿವೆ. ಫೋನು ಬದಲಾದರೆ ಅವು ಹೋದವು. 1960ರ ದಶಕದ ಅಚ್ಚಾದ ಕಾರ್ಡು ಇನ್ನೂ ಎಲ್ಲಾದರೂ ಸಿಕ್ಕೀತು, ಹೋದ ವರ್ಷದ ಆಮಂತ್ರಣ ಸಿಗುವುದು ಕಷ್ಟ. ಪ್ರತಿ ಪ್ರದರ್ಶನಕ್ಕೂ ಎರಡೇ ಪ್ರತಿ ಅಚ್ಚು ಹಾಕಿಸಿ. ಒಂದು ನಿಮಗೆ, ಒಂದು ಗ್ರಂಥಾಲಯಕ್ಕೆ. ವರ್ಷವನ್ನು ಮರೆಯದೆ ಹಾಕಿ. ‘ಜನವರಿ 12ರಿಂದ 18’ ಎಂದಷ್ಟೇ ಬರೆದ ಆಮಂತ್ರಣ ಇಪ್ಪತ್ತು ವರ್ಷದ ಮೇಲೆ ಓದುವವರಿಗೆ ಏನು ಹೇಳೀತು? ಪ್ರತಿ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಹೋಗುವ ಓದುಗರು ಅಲ್ಲಿ ಕೈಗೆ ಬಂದ ಕರಪತ್ರ, ವಿಸಿಟಿಂಗ್ ಕಾರ್ಡುಗಳನ್ನು ಒಂದು ಲಕೋಟೆಗೆ ಹಾಕಿ, ಮೇಲೆ ವರ್ಷ ಬರೆದು, ಹತ್ತಿರದ ಗ್ರಂಥಾಲಯಕ್ಕೆ ಕೊಟ್ಟರೂ ದೊಡ್ಡ ಕೆಲಸವೇ.

ಕೊಡುವ ಮುಂಚೆ ಕೆಲವು ಎಚ್ಚರಿಕೆಗಳು. ಹಳೆಯ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಅದು ಸರಿಪಡಿಸಲಾಗದ ಹಾನಿ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡುಗಳನ್ನು ನಿಧಾನವಾಗಿ ತೆಗೆಯಿರಿ. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿಯುವವರೆಗೆ ಕಾಯದೆ ಟ್ರಂಕನ್ನು ಗೋಡೆಯಿಂದ, ನೆಲದಿಂದ ದೂರ ಎತ್ತಿಡಿ, ಬೂಸ್ಟು ಗೆದ್ದಲು ಎರಡೂ ಅಲ್ಲಿಂದಲೇ ಬರುತ್ತವೆ. ಕಾಗದಗಳು ಇದ್ದ ಕ್ರಮವನ್ನು ಕೆಡಿಸಬೇಡಿ. ಯಾವುದರ ಪಕ್ಕದಲ್ಲಿ ಯಾವುದಿತ್ತು ಎನ್ನುವುದೂ ಒಂದು ಸುಳಿವು.

ಫೋಟೊಗಳ ವಿಷಯಕ್ಕೆ ಬಂದರೆ ಮನೆಯ ಹಿರಿಯರನ್ನು ಇಂದೇ ಕೂರಿಸಿಕೊಳ್ಳಿ. ಅದರಲ್ಲಿ ಇರುವವರು ಯಾರು, ಯಾವ ಊರು, ಸುಮಾರು ಯಾವ ವರ್ಷ, ಗೋಡೆಯ ಮೇಲಿರುವ ಚಿತ್ರ ಯಾರದ್ದು ಎಂದು ಅವರ ಬಾಯಿಂದಲೇ ಕೇಳಿ. ಉತ್ತರಗಳನ್ನು ಫೋಟೊದ ಬೆನ್ನಿಗೆ, ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂಬದಿಗೆ ಇಳಿಯುತ್ತದೆ.