ಟಿಕೇಟಿನ ಕಿಟಕಿಯೂ ಉಳಿಯಲಿ

ಪೆರಂಬೂರು ನಿಲ್ದಾಣದ ಟಿಕೇಟಿನ ಕಿಟಕಿಯ ಮುಂದೆ ನಿಂತು, ಮುಂಬಯಿಯಿಂದ ಉಡುಪಿಗೆ ಹೋಗುವ ಗಾಡಿಯಲ್ಲಿ ಸ್ಥಳ ಕಾದಿರಿಸಬಹುದೆಂಬುದು ಇಂದು ಯಾರಿಗೂ ವಿಸ್ಮಯದ ಸಂಗತಿಯಲ್ಲ. ೧೯೯೯ಕ್ಕೆ ಮೊದಲು ಅದು ಇಷ್ಟು ಸುಲಭವಾಗಿರಲಿಲ್ಲ. ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈ, ಸಿಕಂದರಾಬಾದು ಎಂಬ ಐದು ಕೇಂದ್ರಗಳಲ್ಲಿ ಗಣಕಯಂತ್ರಗಳೇನೋ ಇದ್ದುವು. ಆದರೆ ಒಂದೊಂದರ ಲೆಕ್ಕವೂ ಬೇರೆಬೇರೆಯಾಗಿತ್ತು. ಆ ವರ್ಷ ಅವುಗಳನ್ನು ದೂರದ ತಂತಿಗಳಿಂದ ಬೆಸೆದ ಮೇಲೆ ಯಾವ ಊರಿನ ಕಿಟಕಿಯಿಂದಲಾದರೂ ಯಾವ ಊರಿನ ಗಾಡಿಗಾದರೂ ಟಿಕೇಟು ದೊರೆಯುವಂತಾಯಿತು. ಅಣ್ಣ ಚೆನ್ನೈಯಲ್ಲಿ, ತಮ್ಮ ಮುಂಬಯಿಯಲ್ಲಿ, ತಾಯಿ ಕುಂದಾಪುರದಲ್ಲಿ ಎಂಬಂತೆ ಹಂಚಿಹೋದ ನಮ್ಮ ಹೋಟೆಲು ಸಂಸಾರಗಳಿಗೆ ಇದರಿಂದಾದ ಉಪಕಾರ ಸಣ್ಣದಲ್ಲ.

ದೂರದ ಯಂತ್ರಗಳನ್ನು ಕೂಡಿಸುವುದೆಂದರೆ ತಂತಿ ಎಳೆದುಬಿಡುವುದಷ್ಟೇ ಅಲ್ಲ. ಎರಡು ಕೊನೆಗಳಲ್ಲಿರುವ ಯಂತ್ರಗಳೂ ಒಂದೇ ಕಟ್ಟಳೆಯಲ್ಲಿ ಮಾತನಾಡಬೇಕು. ಬಾಡಿಗೆಯ ತಂತಿಯಲ್ಲಿ ಕಾಲಗತಿಯನ್ನು ಒಂದು ಕಡೆಯಿಂದ ಕೊಟ್ಟರೆ ಇನ್ನೊಂದು ಕಡೆ ಅದನ್ನು ಅನುಸರಿಸಬೇಕು. ಭಾಗವತರ ತಾಳಕ್ಕೆ ಮದ್ದಳೆ ಒಪ್ಪದಿದ್ದರೆ ಆಟ ಕೆಡುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತನ್ನು ಬಲ್ಲವರು ಒತ್ತಿ ಹೇಳುತ್ತಾರೆ: ಮುಖ್ಯವಾದ ಸಂಪರ್ಕಕ್ಕೆ ದಾರಿಗಳು ಎರಡಿರಬೇಕು, ಮತ್ತು ಅವೆರಡೂ ಒಂದೇ ಕಾಲುವೆಯಲ್ಲಿ ಮಲಗಿರಬಾರದು. ಇಲ್ಲವಾದರೆ ಒಂದೇ ಗುದ್ದಲಿಯ ಪೆಟ್ಟಿಗೆ ಎರಡೂ ತುಂಡಾಗುವುವು.

ತಂತಿಗೆ ಸಲ್ಲುವ ಈ ವಿವೇಕವು ಪ್ರಯಾಣಿಕನಿಗೆ ಏಕೆ ಸಲ್ಲಬಾರದು? ೨೦೦೨ರಿಂದ ಮನೆಯಲ್ಲಿ ಕುಳಿತೇ ಟಿಕೇಟು ಪಡೆಯುವ ಸೌಕರ್ಯವಾಗಿದೆ. ಅದು ಸ್ವಾಗತಾರ್ಹವೇ. ಆದರೆ ಹಿಂದಿನ ದಿನ ಕೊಡುವ ತತ್ಕಾಲ ಟಿಕೇಟು, ಮಲಗುವ ದರ್ಜೆಗೆ, ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ. ಆ ಹೊತ್ತಿನಲ್ಲಿ ನಮ್ಮ ಸಪ್ಲಯರು ಊಟದ ಸಿದ್ಧತೆಯಲ್ಲಿರುತ್ತಾನೆ. ಗುಮಾಸ್ತೆ ಕಡತದ ಮುಂದಿರುತ್ತಾನೆ. ೨೦೨೫ರ ಜುಲೈಯಿಂದ ಮನೆಯಿಂದ ಪಡೆಯುವ ತತ್ಕಾಲ ಟಿಕೇಟಿಗೆ ಆಧಾರದ ದೃಢೀಕರಣವೂ ಬೇಕಾಗಿದೆ. ದಲ್ಲಾಳಿಗಳ ಹಾವಳಿಯನ್ನು ತಡೆಯಲು ಇಂತಹ ಕ್ರಮ ಅವಶ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಊರಿನಲ್ಲಿ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದಾಗ, ದೂರವಾಣಿಯ ಸಂಖ್ಯೆ ಬದಲಾಗಿ ಗುಪ್ತಸಂಖ್ಯೆ ಬಾರದ ಹುಡುಗನು ಎಲ್ಲಿಗೆ ಹೋಗಬೇಕು?

ಅವನಿಗೆ ಕಿಟಕಿಯೇ ಎರಡನೆಯ ದಾರಿ. ಅದನ್ನು ಕಿರಿದುಗೊಳಿಸುವ ಯಾವ ಯೋಚನೆಯನ್ನೂ ರೈಲ್ವೆಯವರು ಮಾಡಬಾರದು. ಕಿಟಕಿಗೆ ಬರುವವರಿಗಾಗಿಯೇ ಕೆಲವು ಸ್ಥಳಗಳನ್ನು ಬೇರೆ ಇರಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಗುಪ್ತಸಂಖ್ಯೆ ಬಾರದವನ ಗುರುತನ್ನು ಚೀಟಿ ನೋಡಿ ಒಪ್ಪುವ ಅಧಿಕಾರವೂ ಅಲ್ಲಿಯ ಗುಮಾಸ್ತೆಗೆ ಇರಬೇಕು.

ಹೋಟೆಲು ಮಾಲಿಕರಿಗೂ ಒಂದು ಮಾತು. ೨೦೨೪ರ ನವೆಂಬರಿನಿಂದ ಸಾಮಾನ್ಯ ಕಾದಿರಿಸುವಿಕೆಯ ಅವಧಿ ೧೨೦ ದಿನಗಳಿಂದ ೬೦ಕ್ಕೆ ಇಳಿದಿದೆ. ದೀಪಾವಳಿಯ ರಜೆಯನ್ನು ಹಬ್ಬದ ಹಿಂದಿನ ವಾರದಲ್ಲಿ ಮಂಜೂರು ಮಾಡುವ ಪದ್ಧತಿಯನ್ನು ಬಿಟ್ಟು ಎರಡು ತಿಂಗಳ ಮೊದಲೇ ತಿಳಿಸಿದರೆ, ತತ್ಕಾಲದ ಹೆಚ್ಚಿನ ಹಣ ಹುಡುಗರ ಜೇಬಿನಲ್ಲಿಯೇ ಉಳಿದೀತು.