ಕುದುರೆಯ ಬಾಲಕ್ಕೆ ಕಟ್ಟಿದ ಬೋನಸ್ಸು

ಹಬ್ಬದ ಸಾಲು ಮುಗಿಯಿತು. ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಗಿರಣಿಯ ಗೇಟಿನಲ್ಲಿ ಬೋನಸ್ಸಿನ ಮಾತು ನಿಂತು ಸಾಲದ ಮಾತು ಶುರುವಾಗಿದೆ. ಇಂಥ ಸಮಯದಲ್ಲಿ ನಮ್ಮ ಏಜೆಂಟರೊಬ್ಬರು ಕಚೇರಿಗೆ ಬಂದು ಒಂದು ಸಲಹೆ ಕೊಟ್ಟರು: "ಸ್ವಾಮಿ, ಮುಂದಿನ ಹಬ್ಬದ ಸಾಲಿಗಾದರೂ ಒಂದು ಕಾಲಂ ರೇಸಿನ ಟಿಪ್ಸ್ ಹಾಕಿ. ನೂರು ಪ್ರತಿ ಹೆಚ್ಚಿಗೆ ಮಾರಿಕೊಡುತ್ತೇನೆ." ನೂರು ಪ್ರತಿ ಹೆಚ್ಚಿಗೆ ಎಂದರೆ ನಮ್ಮಂಥ ಪತ್ರಿಕೆಗೆ ಕಾಗದದಂಗಡಿಯ ಬಾಕಿ ತೀರುವ ಮಾತು. ಆದ್ದರಿಂದ ನಾವು ಅದನ್ನು ನಕ್ಕು ತಳ್ಳಿಹಾಕಲಿಲ್ಲ. ಅವರು ತಂದಿದ್ದ ಟಿಪ್ಸ್ ಹಾಳೆಗಳನ್ನು ಇಟ್ಟುಕೊಂಡು ಕುಳಿತು ಓದಿದೆವು. ಅವರಿಗೆ ಕೊಡಬೇಕಾದ ಉತ್ತರವನ್ನು ಎಲ್ಲ ಓದುಗ ಬಂಧುಗಳ ಎದುರಿಗೇ ಕೊಡುವುದು ಉಚಿತವೆಂದು ಈ ಲೇಖನ.

ಹಬ್ಬಕ್ಕೆ ಮುಂಚೆ ಈ ಹಾಳೆಗಳು ಯಾವ ಕುದುರೆಗೆ ಕಟ್ಟಬೇಕೆಂದು ಹೇಳುತ್ತವೆ. ಹಬ್ಬ ಮುಗಿದ ಮೇಲೆ ತಮ್ಮ ಆಯ್ಕೆಗಳನ್ನು ತಾವೇ ವಿಮರ್ಶೆ ಮಾಡಿಕೊಳ್ಳುತ್ತವೆ. ಈ ವಿಮರ್ಶೆಯ ರೀತಿ ಬಹುಮಟ್ಟಿಗೆ ಒಂದೇ. ಹತ್ತು ಆಯ್ಕೆಗಳಲ್ಲಿ ಮೂರು ಮೊದಲು ಬಂದವು, ಮೂರಕ್ಕೆ ಎರಡನೆಯ ಅಥವಾ ಮೂರನೆಯ ಸ್ಥಾನ ಸಿಕ್ಕಿತು, ಆದ್ದರಿಂದ ಹತ್ತರಲ್ಲಿ ಆರು ಫಲಿಸಿದವು ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಓದಿದವನಿಗೆ ಪರೀಕ್ಷೆಯಲ್ಲಿ ಪಾಸಾದಂತೆ ತೋರುತ್ತದೆ. ಆದರೆ ಜೇಬಿನಿಂದ ಹೋದದ್ದೆಷ್ಟು, ಜೇಬಿಗೆ ಬಂದದ್ದೆಷ್ಟು ಎಂಬ ಒಂದು ಸಾಲು ಮಾತ್ರ ಅಲ್ಲಿ ಇರುವುದಿಲ್ಲ. ಕಿರಾಣಿ ಅಂಗಡಿಯವನೊಬ್ಬ ಎಷ್ಟು ಜನ ಗಿರಾಕಿಗಳು ಬಂದರೆಂದು ಬರೆದು, ಮಾಲಿಗೆ ಕೊಟ್ಟದ್ದೆಷ್ಟು, ಗಲ್ಲಾಕ್ಕೆ ಬಂದದ್ದೆಷ್ಟು ಎಂಬುದನ್ನು ಬರೆಯದೆ ವರ್ಷ ಮುಗಿಸಿದರೆ ಅವನನ್ನು ನಾವು ಏನೆನ್ನುತ್ತೇವೆ?

ಬಿಟ್ಟುಹೋದ ಆ ಸಾಲನ್ನು ನಾವೇ ಬರೆದು ನೋಡೋಣ. ಒಬ್ಬ ಗಿರಣಿ ಕಾರ್ಮಿಕ ಹಬ್ಬದ ದಿನಗಳಲ್ಲಿ ಹಾಳೆ ಹೇಳಿದ ಹತ್ತು ಕುದುರೆಗಳಿಗೆ, ತಲಾ ೧೦೦ ರೂಪಾಯಿಯಂತೆ, ಗೆಲ್ಲುತ್ತವೆಂದು ಕಟ್ಟಿದನೆಂದು ಇಟ್ಟುಕೊಳ್ಳಿ. ಎಲ್ಲರೂ ನಂಬುವ ಕುದುರೆಗೆ ರೇಸಿನವರು ಫೇವರಿಟ್ ಎನ್ನುತ್ತಾರೆ. ಅಂಥ ಕುದುರೆ ಸುಮಾರು ಮೂರು ಓಟಗಳಿಗೆ ಒಂದರಂತೆ ಗೆಲ್ಲುತ್ತದೆ. ಆದ್ದರಿಂದ ಹತ್ತರಲ್ಲಿ ಮೂರು ಗೆಲುವು ಎಂಬ ಲೆಕ್ಕ ಅನ್ಯಾಯದ್ದಲ್ಲ. ಗೆದ್ದ ಮೂರರಲ್ಲಿ ಒಂದಕ್ಕೆ ನೂರಕ್ಕೆ ನೂರೈವತ್ತರ ದರ, ಎರಡಕ್ಕೆ ನೂರಕ್ಕೆ ಇನ್ನೂರರ ದರ. ಕಟ್ಟಿದ ಹಣವೂ ಸೇರಿ ಕೈಗೆ ಬಂದದ್ದು ೨೫೦, ೩೦೦, ೩೦೦. ಒಟ್ಟು ೮೫೦ ರೂಪಾಯಿ. ಕಟ್ಟಿದ್ದು ೧,೦೦೦. ಹಾಳೆಯ ಪ್ರಕಾರ ಹತ್ತರಲ್ಲಿ ಆರು ಫಲಿಸಿದ ಹಬ್ಬದಲ್ಲಿ ಇವನಿಗೆ ೧೫೦ ರೂಪಾಯಿ ನಷ್ಟ.

ಇದು ತೆರಿಗೆಗೆ ಮುಂಚಿನ ಮಾತು. ಸರಕು ಮತ್ತು ಸೇವಾ ತೆರಿಗೆ ೨೦೨೩ರ ಅಕ್ಟೋಬರ್ ೧ರಿಂದ ಕಟ್ಟಿದ ಪಣದ ಪೂರ್ತಿ ಮೊತ್ತದ ಮೇಲೆ ನೂರಕ್ಕೆ ೨೮ರಂತೆ ಬಿತ್ತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದು ನೂರಕ್ಕೆ ೪೦ ಆಯಿತು. ಈ ತೆರಿಗೆ ಗೆದ್ದ ಹಣದ ಮೇಲಿನದಲ್ಲ, ಕಟ್ಟುವ ಹಣದ ಮೇಲಿನದು. ಹತ್ತು ಪಣಕ್ಕೆ ೪೦೦ ರೂಪಾಯಿ. ಈಗ ಹೋದದ್ದು ೧,೪೦೦, ಬಂದದ್ದು ೮೫೦. ನಷ್ಟ ೫೫೦ ರೂಪಾಯಿ. ಗೆದ್ದ ಮೂರು ಓಟಗಳಲ್ಲಿ ಇವನು ಕುಣಿದಾಡಿದ್ದು ನಿಜ. ಕುಣಿಯುವಾಗಲೂ ಹಣ ಸೋರುತ್ತಿತ್ತೆಂಬುದೂ ಅಷ್ಟೇ ನಿಜ.

ಇದು ಹಣೆಬರಹದ ಮಾತಲ್ಲ, ತಕ್ಕಡಿಯ ಮಾತು. ಬುಕ್ಕಿಯ ಹಲಗೆಯನ್ನೊಮ್ಮೆ ನೋಡಿ. ನಾಲ್ಕು ಕುದುರೆಗಳ ಒಂದು ಓಟ. ಮೊದಲನೆಯದಕ್ಕೆ ಒಂದಕ್ಕೊಂದು, ಎರಡನೆಯದಕ್ಕೆ ಒಂದಕ್ಕೆ ಮೂರು, ಉಳಿದೆರಡಕ್ಕೆ ಒಂದಕ್ಕೆ ನಾಲ್ಕು ದರ ಬರೆದಿದೆ. ಯಾವ ಕುದುರೆ ಗೆದ್ದರೂ ಸರಿಯಾಗಿ ೧೦೦ ರೂಪಾಯಿ ಕೈಗೆ ಬರಬೇಕೆಂದು ನೀವು ನಾಲ್ಕಕ್ಕೂ ಕಟ್ಟುತ್ತೀರಿ. ಮೊದಲನೆಯದಕ್ಕೆ ೫೦, ಎರಡನೆಯದಕ್ಕೆ ೨೫, ಉಳಿದೆರಡಕ್ಕೆ ೨೦ ಮತ್ತು ೨೦ ಕಟ್ಟಬೇಕು. ಕೂಡಿ ನೋಡಿ: ೧೧೫. ನೂರು ರೂಪಾಯಿ ಪಡೆಯಲು ನೂರಾಹದಿನೈದು ಕೊಡಬೇಕು! ಈ ಹದಿನೈದು ಕುದುರೆಯ ಕಾಲಿಗೆ ಸಂಬಂಧಿಸಿದ್ದಲ್ಲ. ಹಲಗೆಯ ಮೇಲೆ ದರ ಬರೆದಾಗಲೇ ಬುಕ್ಕಿ ತೆಗೆದಿಟ್ಟುಕೊಂಡದ್ದು. ಒಂದು ದಿನ ಅವನೂ ಸೋಲಬಹುದು, ಆದರೆ ಹಬ್ಬದ ಸಾಲು ಪೂರ್ತಿ ಸೋಲುವುದು ಕಷ್ಟ. ತಪ್ಪು ಕಲ್ಲಿಟ್ಟು ತೂಗುವವನು ಮಾಲನ್ನು ಹೊಗಳಿದರೇನು, ತೆಗಳಿದರೇನು?

ಟೋಟ್ ಕಿಟಕಿಯಲ್ಲಿ ಕಟ್ಟಿದರೆ ಬುಕ್ಕಿ ಇಲ್ಲವಲ್ಲ ಎಂದು ಕೆಲವರು ಹೇಳುತ್ತಾರೆ. ಟೋಟಿನ ಪದ್ಧತಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ. ಎಲ್ಲರ ಹಣವನ್ನೂ ಒಂದು ಕಡೆ ಕೂಡಿಸಿ, ಕ್ಲಬ್ಬಿನ ಕಮಿಷನ್ ಮುರಿದು, ಉಳಿದದ್ದನ್ನು ಗೆದ್ದವರಿಗೆ ಹಂಚುವುದು ಅದರ ಕ್ರಮ. ಇಲ್ಲಿ ಮೋಸವಿಲ್ಲ, ಒಪ್ಪುತ್ತೇವೆ. ಆದರೆ ರಾಶಿಯಿಂದ ಮೊದಲೇ ಒಂದು ಪಾಲು ತೆಗೆದ ಮೇಲೆ, ಕಟ್ಟಿದವರೆಲ್ಲ ಒಟ್ಟಿಗೆ ಸೇರಿ ಗೆಲ್ಲುವುದು ಯಾವ ಕಾಲಕ್ಕೂ ಸಾಧ್ಯವಿಲ್ಲ. ಒಬ್ಬ ಗೆದ್ದನೆಂದರೆ ಪಕ್ಕದ ಮಗ್ಗದವನೋ ಎದುರಂಗಡಿಯವನೋ ಸೋತಿರಲೇಬೇಕು.

"ಹಾಗಾದರೆ ಫೇವರಿಟ್ ಬಿಟ್ಟು ದೊಡ್ಡ ದರದ ಕುದುರೆಗೆ ಕಟ್ಟಿದರಾಯಿತು" ಎಂಬ ಜಾಣರೂ ಇದ್ದಾರೆ. ಅವರಿಗೆ ಇಂಗ್ಲೆಂಡಿನ ಹಬ್ಬದ ಲೆಕ್ಕ ತೋರಿಸಬೇಕು. ಈ ಆಟ ನಮ್ಮ ದೇಶಕ್ಕೆ ಬಂದದ್ದು ಇಂಗ್ಲಿಷರ ಜೊತೆಗೆ. ಹಬ್ಬಕ್ಕೂ ಪಂದ್ಯಕ್ಕೂ ಗಂಟು ಹಾಕುವುದನ್ನು ಅವರೂ ಬಲ್ಲರು. ಕ್ರಿಸ್‌ಮಸ್ಸಿನ ಮರುದಿನ, ಡಿಸೆಂಬರ್ ೨೬ರಂದು, ಲಂಡನ್ನಿನ ಹತ್ತಿರದ ಕೆಂಪ್ಟನ್ ಮೈದಾನದಲ್ಲಿ ಆರನೆಯ ಜಾರ್ಜ್ ದೊರೆಯ ಹೆಸರಿನ ಬೇಲಿ ಹಾರುವ ಓಟ ನಡೆಯುತ್ತದೆ. ದೇಶದ ಪಂದ್ಯಪಂಡಿತರೆಲ್ಲ ಅದಕ್ಕೆ ಟಿಪ್ಸ್ ಬರೆಯುತ್ತಾರೆ. ಅಲ್ಲಿ ೨೦೧೮ರಲ್ಲಿ ಗೆದ್ದ ಕ್ಲಾನ್ ಡೆ ಒಬೋ ಎಂಬ ಕುದುರೆಯ ದರ ಒಂದಕ್ಕೆ ೧೨. ೨೦೨೦ರಲ್ಲಿ ಗೆದ್ದ ಫ್ರೋಡನ್‌ಗೆ ಒಂದಕ್ಕೆ ೨೦, ೨೦೨೧ರ ಟೊರ್ನಾಡೊ ಫ್ಲೈಯರ್‌ಗೆ ಒಂದಕ್ಕೆ ೨೮, ೨೦೨೩ರ ಹ್ಯೂವಿಕ್‌ಗೆ ಮತ್ತೆ ೧೨. ಆರು ವರ್ಷಗಳಲ್ಲಿ ನಾಲ್ಕು ಸಲ, ಪಂಡಿತರೂ ಮಾರುಕಟ್ಟೆಯೂ ಕೈಬಿಟ್ಟಿದ್ದ ಕುದುರೆಯೇ ಮುಂದೆ ಬಂತು.

ಇದರಿಂದ ದೊಡ್ಡ ದರದ ಕುದುರೆಗೇ ಕಟ್ಟಬೇಕೆಂದು ತಿಳಿಯುವವರು ಮತ್ತೊಂದು ಗುಂಡಿಗೆ ಬೀಳುತ್ತಾರೆ. ಗೆದ್ದ ಒಂದು ಕುದುರೆಯ ಹೆಸರು ನೆನಪಿನಲ್ಲಿ ಉಳಿಯುತ್ತದೆ. ಅದೇ ದರ ಹೊತ್ತು ಹಿಂದುಳಿದ ನೂರಾರು ಕುದುರೆಗಳ ಹೆಸರು ಯಾರಿಗೂ ನೆನಪಿರುವುದಿಲ್ಲ. ದೊಡ್ಡ ದರದ ಕುದುರೆಗೆ ಕಟ್ಟಿದವರು ಫೇವರಿಟ್‌ಗೆ ಕಟ್ಟಿದವರಿಗಿಂತ ನೂರಕ್ಕೆ ಹೆಚ್ಚು ಕಳೆದುಕೊಳ್ಳುತ್ತಾರೆಂಬುದನ್ನು ೧೯೪೯ರಿಂದ ಈಚೆಗೆ ವಿದ್ವಾಂಸರು ಮತ್ತೆ ಮತ್ತೆ ಲೆಕ್ಕ ಹಾಕಿ ತೋರಿಸಿದ್ದಾರೆ.

ಇನ್ನು ಜಾಣ್ಮೆಯ ಪ್ರಶ್ನೆ. ತಮಿಳುನಾಡು ೧೯೭೪ರಲ್ಲಿ ಕುದುರೆ ಜೂಜನ್ನು ರದ್ದು ಮಾಡಲು ಕಾಯಿದೆ ತಂದಿತು. ೧೯೯೬ರಲ್ಲಿ ಸುಪ್ರೀಂ ಕೋರ್ಟು, ಕುದುರೆ ಪಂದ್ಯ ಅದೃಷ್ಟದ ಆಟವಲ್ಲ, ಜಾಣ್ಮೆಯ ಆಟ ಎಂದು ತೀರ್ಪು ಕೊಟ್ಟಿತು. ನ್ಯಾಯಾಲಯದ ಮಾತಿಗೆ ನಾವು ತಲೆಬಾಗುತ್ತೇವೆ. ಕುದುರೆಯ ತಳಿ, ತರಬೇತಿ, ಜಾಕಿಯ ಕೈಗುಣ ಇವೆಲ್ಲ ಜಾಣ್ಮೆಯೇ. ಆದರೆ ಯಾರ ಜಾಣ್ಮೆ? ಬೆಳಗಿನ ಜಾವ ಕುದುರೆ ಹೇಗೆ ಓಡಿತೆಂದು ಕಣ್ಣಾರೆ ಕಂಡವರು ತರಬೇತುದಾರರು ಮತ್ತು ಮಾಲೀಕರು. ರಾತ್ರಿ ಪಾಳಿ ಮುಗಿಸಿ, ಬಸ್ಸಿನಲ್ಲಿ ನಿಂತು, ರೇಸ್ ಪುಸ್ತಕ ತಿರುವಿ ಹಾಕುವವನಿಗೆ ಅದು ಹೇಗೆ ಬರಬೇಕು? ಸಾಲದೆಂದು, ಹ್ಯಾಂಡಿಕ್ಯಾಪ್ ಓಟಗಳಲ್ಲಿ ಬಲವಾದ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ. ಎಲ್ಲ ಕುದುರೆಗಳ ಅವಕಾಶವೂ ಒಂದೇ ಸಮನಾಗಲಿ, ಊಹೆ ಕಷ್ಟವಾಗಲಿ ಎಂಬುದೇ ಅದರ ಉದ್ದೇಶ. ಧರ್ಮರಾಯ ಸೋತದ್ದು ಆಟ ಬಾರದೆ ಮಾತ್ರವಲ್ಲ, ದಾಳ ಶಕುನಿಯದಾಗಿತ್ತು.

ಕಾಯಿದೆಯ ಎರಡು ಮುಖಗಳನ್ನೂ ನೋಡಬೇಕು. ೧೯೫೨ರ ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯಿದೆ ಮತ್ತು ೧೯೬೩ರ ಪೊಲೀಸ್ ಕಾಯಿದೆಗಳ ಪ್ರಕಾರ, ನಮ್ಮಲ್ಲಿ ಲೈಸೆನ್ಸು ಇರುವ ಆವರಣದ ಒಳಗೆ ಕಟ್ಟಿದರೆ ಅದು ಪಂದ್ಯ. ಅದೇ ಕುದುರೆಗೆ ಬೀಡಾ ಅಂಗಡಿಯ ಹಿಂದೆ ಕಟ್ಟಿದರೆ ಅದು ಅಪರಾಧ. ಇಂಗ್ಲೆಂಡಿನಲ್ಲೂ ೧೯೦೬ರ ಕಾಯಿದೆ ಬೀದಿಯಲ್ಲಿ ನಗದು ಕಟ್ಟುವ ಕೂಲಿಕಾರನನ್ನು ಹಿಡಿಯಿತು. ಖಾತೆಯಿಟ್ಟು ಮನೆಯಿಂದಲೇ ಕಟ್ಟುವ ದೊಡ್ಡ ಮನುಷ್ಯನನ್ನು ಮುಟ್ಟಲಿಲ್ಲ. ಅಲ್ಲಿ ಪಂದ್ಯದಂಗಡಿಗಳು ಸಕ್ರಮವಾದದ್ದು ೧೯೬೧ರ ಮೇ ೧ರಂದು, ಅದೂ ಕಾರ್ಮಿಕರ ದಿನದಂದು!

ಆದಾಯ ತೆರಿಗೆಯ ಮಾತೂ ಹೀಗೆಯೇ. ರೇಸಿನಲ್ಲಿ ಗೆದ್ದ ಹಣಕ್ಕೆ ನೂರಕ್ಕೆ ೩೦ ತೆರಿಗೆ. ಅದರಲ್ಲಿ ಸೋತ ಹಣವನ್ನು ಕಳೆಯುವಂತಿಲ್ಲ. ಆದರೆ ಕುದುರೆ ಸಾಕುವ ಮಾಲೀಕನಿಗೆ, ಸಾಕಣೆಯಲ್ಲಿ ಆದ ನಷ್ಟವನ್ನು ಮುಂದಿನ ನಾಲ್ಕು ವರ್ಷ ಅದೇ ಬಾಬಿನ ಲಾಭದಲ್ಲಿ ಕಳೆದುಕೊಳ್ಳುವ ಸೌಲಭ್ಯವನ್ನು ೧೯೬೧ರ ಆದಾಯ ತೆರಿಗೆ ಕಾಯಿದೆ ಕೊಟ್ಟಿತ್ತು. ಕುದುರೆಯ ಮೇಲೆ ಕೂತವನ ನಷ್ಟ ನಷ್ಟವೆನಿಸಿತು; ಬಾಲ ಹಿಡಿದವನ ನಷ್ಟ ಲೆಕ್ಕಕ್ಕೇ ಬರಲಿಲ್ಲ.

ಇಷ್ಟೆಲ್ಲ ಹೇಳಿ ನಾವು ಕಾರ್ಮಿಕನಿಗೆ ನೀತಿಬೋಧೆ ಮಾಡಲು ಹೊರಟಿಲ್ಲ. ವರ್ಷವಿಡೀ ಒಂದೇ ಯಂತ್ರದ ಮುಂದೆ ನಿಂತವನಿಗೆ ಹಬ್ಬದ ದಿನ ಒಂದು ಗಳಿಗೆ ಎದೆ ಹಾರಬೇಕೆನಿಸಿದರೆ ಅದು ಪಾಪವಲ್ಲ. ಆದರೆ ಆ ಹಣ ಯಾವುದೆಂಬುದನ್ನು ಅವನು ಮರೆಯಬಾರದು. ಬೋನಸ್ಸು ಮಾಲೀಕನ ಭಕ್ಷೀಸಲ್ಲ. ೧೯೨೪ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಅದಕ್ಕಾಗಿ ಮುಷ್ಕರ ಹೂಡಿ ಹೊಟ್ಟೆಗಿಲ್ಲದೆ ಕುಳಿತರು. ೧೯೬೫ರ ಕಾಯಿದೆಯ ತರುವಾಯ ನೂರಕ್ಕೆ ೮.೩೩, ಅಂದರೆ ಲೆಕ್ಕಕ್ಕೆ ಹಿಡಿದ ಮಜೂರಿಯಲ್ಲಿ ಹದಿಮೂರನೆಯ ತಿಂಗಳು, ಕನಿಷ್ಠ ಹಕ್ಕಾಗಿ ನೆಲೆಯಾಯಿತು. ೧೯೭೫ರಲ್ಲಿ ತುರ್ತುಪರಿಸ್ಥಿತಿಯ ಸರ್ಕಾರ ಅದನ್ನು ೪ಕ್ಕೆ ಇಳಿಸಿತು. ೧೯೭೭ರಲ್ಲಿ ಮತ್ತೆ ೮.೩೩ ಆಯಿತು. ಹೀಗೆ ಹೋರಾಡಿ ಪಡೆದ ತಿಂಗಳನ್ನು ಎರಡು ಮೂರು ನಿಮಿಷದ ಒಂದು ಓಟಕ್ಕೆ ಒಪ್ಪಿಸುವುದು ಯಾವ ನ್ಯಾಯ?

ಸಣ್ಣ ವ್ಯಾಪಾರಿಯ ಅಪಾಯ ಇನ್ನೂ ಹತ್ತಿರದ್ದು. ಕಾರ್ಮಿಕ ಸೋತರೆ ಹಬ್ಬದ ಬಟ್ಟೆ ತಪ್ಪುತ್ತದೆ, ವ್ಯಾಪಾರಿ ಸೋತರೆ ಬಂಡವಾಳವೇ ತಪ್ಪುತ್ತದೆ. ಹಬ್ಬದ ವಾರ ಗಲ್ಲಾದಲ್ಲಿ ಕಾಣುವ ಹಣ ಅವನದಲ್ಲ, ಮಂಡಿಯವನಿಗೆ ಕೊಡಬೇಕಾದದ್ದು. ಅದು ಕುದುರೆಯ ಹಿಂದೆ ಹೋದರೆ ಮರುದಿನ ಮೀಟರ್ ಬಡ್ಡಿಯವನು ಬಾಗಿಲಿಗೆ ಬರುತ್ತಾನೆ. ತೆರಿಗೆ ತಪ್ಪಿಸಲು ಗಲ್ಲಿಯ ಬುಕ್ಕಿಯ ಹತ್ತಿರ ಕಟ್ಟುವವರಿಗೂ ಒಂದು ಮಾತು. ಅಲ್ಲಿ ೪೦ ಉಳಿಯಬಹುದು, ಮೊದಲಿನ ಹದಿನೈದು ಉಳಿಯದು. ಚೀಟಿಯಿಲ್ಲ, ಸಾಕ್ಷಿಯಿಲ್ಲ, ಗೆದ್ದರೆ ವಸೂಲು ಮಾಡಲು ಕೋರ್ಟಿಲ್ಲ. ಸೋತರೆ ಮಾತ್ರ ಸಾಲ ಕೊಡಲು ಅವನೇ ಸಿದ್ಧ.

ಸರ್ಕಾರ ಮಾಡಬೇಕಾದದ್ದು ಬರೀ ತೆರಿಗೆ ಏರಿಸುವುದಲ್ಲ. ೨೦೦೭ರಲ್ಲಿ ಕರ್ನಾಟಕ ಲಾಟರಿಯ ಆದಾಯ ಬಿಟ್ಟು ಅದರ ಮಾರಾಟ ನಿಲ್ಲಿಸಿದ್ದುಂಟು, ಮನಸ್ಸಿದ್ದರೆ ಮಾರ್ಗವಿದೆಯೆಂದಾಯಿತು. ರೇಸಿನ ಪ್ರತಿ ದಿನವೂ ಎಷ್ಟು ಹಣ ಒಳಗೆ ಬಂತು, ಎಷ್ಟು ಗೆದ್ದವರಿಗೆ ಹೋಯಿತು, ಉಳಿದದ್ದು ಯಾರ ಪಾಲಾಯಿತು ಎಂಬ ಮೂರು ಅಂಕಿಗಳನ್ನು ಮೈದಾನದ ಬಾಗಿಲಲ್ಲೂ ಪ್ರತಿ ಟಿಕೆಟ್ಟಿನ ಬೆನ್ನಿನ ಮೇಲೂ ಕನ್ನಡದಲ್ಲಿ ಬರೆಸಲಿ. ಬೋನಸ್ಸಿನ ವಾರದಲ್ಲಿ ಗಿರಣಿ ಬಾಗಿಲಿಗೆ ಸಹಕಾರ ಸಂಘದ ಅಂಗಡಿ ಬರಲಿ. ೧೯೨೮ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ದಿನಕ್ಕೆ ಎರಡಾಣೆಯನ್ನೂ ಬಾಗಿಲಿಗೆ ಬಂದು ಕೂಡಿಸಿಕೊಳ್ಳುವ ಪಿಗ್ಮಿ ಪದ್ಧತಿ ಶುರುಮಾಡಿತು. ಬಡವನ ಬಾಗಿಲಿಗೆ ಬುಕ್ಕಿಯ ಆಳು ಬರಬಲ್ಲನಾದರೆ ಬ್ಯಾಂಕಿನವನೂ ಬರಬಲ್ಲ ಎಂಬುದನ್ನು ನಮ್ಮ ನಾಡೇ ತೋರಿಸಿಕೊಟ್ಟಿದೆ. ಅಂಥ ವ್ಯವಸ್ಥೆ ಸಾಲಕ್ಕೂ ಬೇಕು.

ಏಜೆಂಟ್ ಮಿತ್ರರಿಗೆ ನಮ್ಮ ಉತ್ತರ ಇಷ್ಟು. ಟಿಪ್ಸ್ ಹಾಕುವುದಿಲ್ಲ. ಅದರ ಬದಲು ಮುಂದಿನ ಹಬ್ಬದ ಸಂಚಿಕೆಯಲ್ಲಿ ಗೆರೆ ಎಳೆದ ಖಾಲಿ ಕಾಲಂ ಒಂದನ್ನು ಅಚ್ಚು ಹಾಕುತ್ತೇವೆ. ಕುದುರೆಯ ಹೆಸರು, ದರ, ಕಟ್ಟಬೇಕಾದ ಹಣ, ತೆರಿಗೆ, ಬರುವ ಹಣ ಎಂದು ಐದು ಮನೆಗಳು, ಹತ್ತು ಸಾಲು. ಓದುಗರು ತಮಗೆ ತೋಚಿದ ಹತ್ತು ಆಯ್ಕೆಗಳನ್ನು ಓಟಕ್ಕೆ ಮುಂಚೆಯೇ ಬರೆಯಲಿ, ಒಂದು ಕಾಸನ್ನೂ ಕಟ್ಟದಿರಲಿ. ಹಬ್ಬ ಮುಗಿದ ಮೇಲೆ ಕೂಡಿ ಕಳೆದು ನಮಗೆ ಕಳಿಸಲಿ. ಲಾಭ ಬಂದವರ ಲೆಕ್ಕವನ್ನೂ ನಷ್ಟವಾದವರ ಲೆಕ್ಕವನ್ನೂ, ಒಂದನ್ನೂ ಬಿಡದೆ, ಒಂದೇ ಪುಟದಲ್ಲಿ ಪ್ರಕಟಿಸುತ್ತೇವೆ. ಅದಕ್ಕಾಗಿ ನೂರು ಪ್ರತಿ ಹೆಚ್ಚಿಗೆ ಬೇಕಾದರೆ ಏಜೆಂಟರು ಮುಂಚಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.