‘ರಿಕ್ರೂಟಿಂಗ್’ ಅಂದ್ರೆ ಅಕ್ಕನಿಗೆ ಸೀಟು ಸಿಕ್ತು ಅಂತಲ್ಲ

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಹೊತ್ತಿನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನ ಅಮ್ಮ ಊರಿಂದ ಫೋನ್ ಮಾಡಿದ್ರು. ಅವನ ಅಕ್ಕನಿಗೆ ಪಿಎನ್‌ಹೆಚ್ ಅಂತ ಒಂದು ಅಪರೂಪದ ರಕ್ತದ ಕಾಯಿಲೆ. “ನೀವೆಲ್ಲ ಕಂಪ್ಯೂಟರ್ ಓದೋ ಮಕ್ಕಳು. ಹೊಸ ಔಷಧಿ ಪರೀಕ್ಷೆ ಮಾಡೋ ಕಡೆ ಸೇರಿಸ್ಕೋತಾರಂತೆ, ಎಲ್ಲಿ ಅಂತ ಒಂಚೂರು ಹುಡುಕಿ ಕೊಡ್ರಪ್ಪ” ಅಂದ್ರು. ನಾವು ಮೂವರು ಲ್ಯಾಪ್‌ಟಾಪ್ ತೆಗೆದು ಕೂತೆವು. ಒಂದೇ ರಾತ್ರಿಗೆ ಒಂಬತ್ತು ಲಿಂಕ್ ಕಳಿಸಿದೆವು. ಎಲ್ಲದರಲ್ಲೂ ‘ರಿಕ್ರೂಟಿಂಗ್’ ಅಂತ ಇತ್ತು. ಮಾರನೇ ದಿನ ಆ ಅಮ್ಮ ಮನೆದೇವರಿಗೆ ಹರಕೆ ಹೊತ್ತ ಸುದ್ದಿ ಬಂತು.

ವಾರ ಬಿಟ್ಟು ಅಕ್ಕನನ್ನು ನೋಡುವ ಡಾಕ್ಟರು ಆ ಪಟ್ಟಿ ಓದಿದರು. ಆರು ಟ್ರಯಲ್‌ಗಳಿಗೆ ಭಾರತದಲ್ಲಿ ಕೇಂದ್ರವೇ ಇರಲಿಲ್ಲ. ಎರಡಕ್ಕೆ ಈಗಾಗಲೇ ದುಬಾರಿ ಇಂಜೆಕ್ಷನ್ ತಗೊಳ್ತಿರುವವರು ಮಾತ್ರ ಬೇಕಿತ್ತು. ಅಕ್ಕ ಅದನ್ನು ಕಣ್ಣಿಂದಲೂ ನೋಡಿಲ್ಲ. ಉಳಿದ ಒಂದು ಅದೇ ಮೂರಕ್ಷರದ, ಮಿದುಳಿನ ಬೇರೆಯೇ ಕಾಯಿಲೆಯದ್ದು! ಒಂಬತ್ತೂ ಹೋಯಿತು. ಆ ಅಮ್ಮ ನಮಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ಚುಚ್ಚಿತು.

ತಪ್ಪು ನಮ್ಮದೇ. ಹುಡುಕೋದು ಬೇರೆ, ಓದೋದು ಬೇರೆ ಅನ್ನೋದು ನಮಗೆ ಗೊತ್ತಿರಲಿಲ್ಲ. ಅದನ್ನು ಕಲಿಯಬೇಕು, ಕನ್ನಡದಲ್ಲಿ ಹೇಳಿಕೊಡಬೇಕು ಅನ್ನೋದೇ ಈ ಬರಹದ ಒಟ್ಟು ವಾದ.

ಮೊದಲು ಕಾಯಿಲೆ. ಪಿಎನ್‌ಹೆಚ್ ಅಂದ್ರೆ ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹೀಮೋಗ್ಲೋಬಿನ್ಯೂರಿಯಾ. ಅಪ್ಪ-ಅಮ್ಮನಿಂದ ಬರುವಂಥದ್ದಲ್ಲ. ಮೂಳೆಯ ಮಜ್ಜೆಯಲ್ಲಿರುವ ರಕ್ತದ ಮೂಲಕೋಶವೊಂದರಲ್ಲಿ ನಡುವೆ ಎಂದೋ ಒಂದು ಜೀನ್ ಕೆಡುತ್ತದೆ. ಅಲ್ಲಿಂದ ಹುಟ್ಟುವ ಕೆಂಪು ರಕ್ತಕಣಗಳ ಮೇಲೆ ‘ನಾನು ನಿಮ್ಮವನೇ’ ಅಂತ ತೋರಿಸುವ ಪ್ರೋಟೀನ್ ಇರೋದಿಲ್ಲ. ಐಡಿ ಕಾರ್ಡ್ ಮರೆತು ಗೇಟಿಗೆ ಬಂದವರ ಕಥೆ. ದೇಹದ ಕಾವಲು ವ್ಯವಸ್ಥೆಯೇ ಆ ಕಣಗಳನ್ನು ಒಡೆದು ಹಾಕುತ್ತದೆ. ವಿಪರೀತ ಸುಸ್ತು, ಕೆಲವರಿಗೆ ಬೆಳಿಗ್ಗೆ ಕಪ್ಪಗೆ ಬರುವ ಮೂತ್ರ, ಎಲ್ಲಕ್ಕಿಂತ ಅಪಾಯವಾಗಿ ರಕ್ತನಾಳದಲ್ಲಿ ಹೆಪ್ಪು. ಈ ಕಾವಲನ್ನು ತಡೆಯುವ ಮೊದಲ ಔಷಧಿ ಎಕುಲಿಝುಮಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅಲ್ಲಿ ಅದರ ಬೆಲೆ ವರ್ಷಕ್ಕೆ ಕೋಟಿಗಳ ಲೆಕ್ಕ. ಪೂರ್ತಿ ವಾಸಿ ಮಾಡಬಲ್ಲದ್ದು ಮಜ್ಜೆ ಕಸಿ, ಅದರಲ್ಲಿ ಜೀವಕ್ಕೇ ಅಪಾಯವೂ ಉಂಟು. ಹಾಗಾಗಿ ಇಂಥ ಮನೆಗಳಿಗೆ ಟ್ರಯಲ್ ಅನ್ನೋದು ಕಿಟಕಿಯಲ್ಲ, ಎಷ್ಟೋ ಸಲ ಇರೋ ಒಂದೇ ಬಾಗಿಲು.

ಆ ಬಾಗಿಲ ಅಳತೆ ಎಷ್ಟು ಕಿರಿದು ನೋಡಿ. ಬಾಯಲ್ಲಿ ನುಂಗುವ ಇಪ್ಟಾಕೊಪಾನ್ ಔಷಧಿಗೆ ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾಗಿದ್ದು ಎರಡು ಟ್ರಯಲ್. ‘ಅಪ್ಲೈ’ ಎಂಬುದರಲ್ಲಿ 97 ಜನ. ಹಳೆಯ ಇಂಜೆಕ್ಷನ್ ಕನಿಷ್ಠ ಆರು ತಿಂಗಳು ತಗೊಂಡೂ ಹೀಮೋಗ್ಲೋಬಿನ್ 10ಕ್ಕಿಂತ ಕೆಳಗಿರಬೇಕಿತ್ತು. ‘ಅಪಾಯಿಂಟ್’ ಎಂಬುದರಲ್ಲಿ 40 ಜನ. ಅಂಥ ಔಷಧಿ ಒಮ್ಮೆಯೂ ತಗೊಂಡಿರಬಾರದಿತ್ತು. ಒಂದೇ ಕಾಯಿಲೆ, ಒಂದೇ ಗುಳಿಗೆ, ಆದರೆ ಒಂದಕ್ಕೆ ಸೇರಬಲ್ಲವರು ಇನ್ನೊಂದಕ್ಕೆ ಸಲ್ಲರು. ಇದೆಲ್ಲ ಬರೆದಿರೋದು ‘ಎಲಿಜಿಬಿಲಿಟಿ’ ಅನ್ನೋ ಭಾಗದಲ್ಲಿ. ನಾವು ಆ ರಾತ್ರಿ ಓದದೇ ಬಿಟ್ಟದ್ದೂ ಅದನ್ನೇ.

ಹಾಗಾದ್ರೆ ಓದೋದು ಹೇಗೆ? ಭಾರತದಲ್ಲಿ ನಡೆಯುವ ಟ್ರಯಲ್‌ಗಳನ್ನು ಐಸಿಎಂಆರ್ ನಡೆಸುವ ಸಿಟಿಆರ್‌ಐ ದಾಖಲೆಯಲ್ಲಿ ನೋಂದಾಯಿಸಬೇಕು. ಅದು ಶುರುವಾದದ್ದು 2007ರಲ್ಲಿ, ನೋಂದಣಿ ಕಡ್ಡಾಯವಾದದ್ದು 2009ರಲ್ಲಿ. ಯಾರು ಬೇಕಾದ್ರೂ ನೋಡಬಹುದು. ಕಾಯಿಲೆಯ ಪೂರ್ತಿ ಹೆಸರು ಹಾಕಿ ಹುಡುಕಿ. ಬ್ರಿಟಿಷ್ ಸ್ಪೆಲ್ಲಿಂಗ್ ಒಮ್ಮೆ, ಅಮೆರಿಕನ್ ಸ್ಪೆಲ್ಲಿಂಗ್ ಒಮ್ಮೆ. ಸೇರಿಸಿಕೊಳ್ಳುತ್ತಿದ್ದಾರಾ ಅನ್ನೋದನ್ನ ಅಲ್ಲಿ ಭಾರತಕ್ಕೆ ಬೇರೆ, ಜಗತ್ತಿಗೆ ಬೇರೆ ಕೊಟ್ಟಿರ್ತಾರೆ. ಭಾರತದ್ದನ್ನ ನೋಡಿ. ಯಾವ ಊರಿನ ಯಾವ ಆಸ್ಪತ್ರೆ, ಅಲ್ಲಿನ ನೈತಿಕ ಸಮಿತಿ ಒಪ್ಪಿದೆಯಾ ನೋಡಿ. ಆಮೇಲೆ ಯಾರನ್ನ ಸೇರಿಸ್ತಾರೆ, ಯಾರನ್ನ ಬಿಡ್ತಾರೆ ಅನ್ನೋ ಪಟ್ಟಿಯನ್ನು ಸಾಲು ಸಾಲಾಗಿ, ರೋಗಿಯ ರಿಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಓದಿ. ಕೊನೆಗೆ ಡಾಕ್ಟರಿಗೆ ಕೊಡಿ. ಇನ್ನೊಂದು ಮಾತು: ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ಸರ್ಕಾರ ಅದನ್ನು ಒಳ್ಳೇದು ಅಂದಿದೆ ಅಂತಲ್ಲ. ‘ಟ್ರಯಲ್‌ಗೆ ಸೇರಿಸ್ತೀವಿ, ಇಷ್ಟು ಲಕ್ಷ ಕಟ್ಟಿ’ ಅಂತ ಯಾರಾದ್ರೂ ಕೇಳಿದ್ರೆ ಅಲ್ಲೇ ನಿಲ್ಲಿ.

“ಅಂದ್ರೆ ಜನರನ್ನ ಪ್ರಯೋಗದ ಇಲಿ ಮಾಡೋಕೆ ನಾವು ದಾರಿ ತೋರಿಸಬೇಕಾ?” ಅಂತ ಕ್ಲಬ್‌ನಲ್ಲೇ ಒಬ್ಬರು ಕೇಳಿದ್ರು. ನ್ಯಾಯವಾದ ಪ್ರಶ್ನೆ. 2019ರ ನಿಯಮಗಳ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದ್ರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಯಾವಾಗ ಬೇಕಾದ್ರೂ ಹೊರಗೆ ಬರಬಹುದು. ಆದ್ರೆ ಈ ಹಕ್ಕು ಗೊತ್ತಿಲ್ಲದೆ ಸಹಿ ಹಾಕಿದವರಿಗೆ ಹಕ್ಕು ಇದ್ದೂ ಇಲ್ಲದ ಹಾಗೆ. ಅರ್ಥ ಆಗದವರೇ ಇಲಿ ಆಗೋದು. ಎಐಗೆ ಕೊಟ್ರೆ ಅನುವಾದ ಮಾಡುತ್ತಲ್ಲ ಅನ್ನೋರೂ ಇದ್ದಾರೆ. ಮಾಡುತ್ತೆ. ಆದ್ರೆ ‘ಯಾದೃಚ್ಛಿಕ ನಿಯಂತ್ರಿತ ಪ್ರಯೋಗ’ ಅಂತ ಬಂದ್ರೆ ಆ ಅಮ್ಮನಿಗೆ ಏನು ತಿಳಿದೀತು? ‘ಯಾರಿಗೆ ಯಾವ ಔಷಧಿ ಅಂತ ಚೀಟಿ ಎತ್ತಿದ ಹಾಗೆ ಆಗುತ್ತೆ, ನಿಮ್ಮ ಮಗಳಿಗೆ ಹೊಸದೇ ಸಿಗುತ್ತೆ ಅಂತಿಲ್ಲ’ ಅಂತ ಎದುರು ಕೂತು ಹೇಳೋರು ಬೇಕು.

ನವೆಂಬರ್ ಒಂದಕ್ಕೆ ಕೆಂಪು-ಹಳದಿ ಶಾಲು ಹಾಕ್ಕೊಂಡು ಕುಣಿಯೋದು ಚೆಂದವೇ, ನಾವೂ ಕುಣಿದಿದ್ದೀವಿ. ಆದ್ರೆ ಕನ್ನಡ ಉಳಿಸೋದು ಅಂದ್ರೆ ಜೀವದ ಪ್ರಶ್ನೆ ಬಂದಾಗ ಅದು ಕೆಲಸಕ್ಕೆ ಬರಬೇಕು. ಟ್ರಯಲ್ ದಾಖಲೆಯಲ್ಲಿ ಬರುವ ಐವತ್ತು ಪದಗಳಿಗೆ ಮನೆಮಾತಿನ ವಿವರಣೆ ಬರೆಯೋಣ, ಡಾಕ್ಟರೊಬ್ಬರಿಂದ ತಿದ್ದಿಸೋಣ. ಯಾವ ಔಷಧಿ ಒಳ್ಳೇದು ಅಂತ ಹೇಳೋ ಕೆಲಸ ನಮ್ಮದಲ್ಲ. ಬರೆದಿರೋದು ಏನು ಅಂತ ಹೇಳೋದು ನಮ್ಮಿಂದ ಆಗುತ್ತೆ. ಬರೋ ಶನಿವಾರ ಸಂಜೆ ಕ್ಲಬ್ ರೂಮಿಗೆ ಬನ್ನಿ.

ಅಕ್ಕ ಈಗಲೂ ರಕ್ತ ಹಾಕಿಸ್ಕೊಂಡೇ ದಿನ ದೂಡ್ತಿದ್ದಾರೆ. ತಿಂಗಳಿಗೊಂದು ಸಲ ನಾವು ಮೂವರು ಕೂತು ಹುಡುಕ್ತೀವಿ. ಸಿಕ್ಕಿದ್ದನ್ನ ಈಗ ಮೊದಲು ಕಳಿಸೋದು ಡಾಕ್ಟರಿಗೆ. ಅವರು ಹೂಂ ಅನ್ನೋವರೆಗೆ ಅಮ್ಮನಿಗೆ ಫೋನ್ ಮಾಡಲ್ಲ.